ಪುಟ್ಟ ಮಕ್ಕಳನ್ನು ಕಟ್ಟಿಕೊಂಡು ಮೈಸೂರು ಜೂಗೆ: ಬೆಂಗಳೂರಿನಿಂದ ಒಂದೇ ದಿನದಲ್ಲಿ ಹೋಗಿ ಬರುವುದು ಹೇಗೆ?

ಒಂದು ದಿನಕ್ಕೆ ಮೈಸೂರಿಗೆ ಹೋಗಿ ಬರೋಣ ಅಂತ ಮನೆಯಲ್ಲಿ ಮಾತು ಶುರುವಾದರೆ ಸಾಕು, ಪಟ್ಟಿ ತಾನಾಗಿಯೇ ಬೆಳೆಯುತ್ತದೆ. ಜೂ ನೋಡೋಣ. ಹತ್ತಿರದಲ್ಲೇ ಅರಮನೆ ಇದೆಯಲ್ಲ, ಅದನ್ನೂ ನೋಡೋಣ. ಅಷ್ಟು ದೂರ ಹೋಗಿ ಚಾಮುಂಡಿ ಬೆಟ್ಟ ಹತ್ತದೆ ಬರೋದಾ? ಸಂಜೆ ಕೆಆರ್‌ಎಸ್ ಕಾರಂಜಿ. ಬರುವಾಗ ಶ್ರೀರಂಗಪಟ್ಟಣ. ದೊಡ್ಡವರಿಗೇ ಸುಸ್ತು ಹೊಡೆಸುವ ಪಟ್ಟಿ ಇದು. ಎರಡು ವರ್ಷದ ಕೂಸು, ಐದು ವರ್ಷದ ಮಗು ಜೊತೆಗಿದ್ದರೆ ಮಧ್ಯಾಹ್ನ ಎರಡಕ್ಕೇ ಎಲ್ಲರ ತಾಳ್ಮೆ ಮುಗಿದಿರುತ್ತದೆ.

ನನ್ನ ಲೆಕ್ಕ ಬೇರೆ. ಆರು ವರ್ಷದ ಒಳಗಿನ ಮಕ್ಕಳಿದ್ದರೆ ಒಂದು ದಿನಕ್ಕೆ ಒಂದೇ ಜಾಗ. ಆ ದಿನದ ಟೈಮ್‌ಟೇಬಲ್ ಬರೆಯಬೇಕಾದದ್ದು ಮಗುವಿನ ಹೊಟ್ಟೆ ಮತ್ತು ನಿದ್ದೆ ನೋಡಿಕೊಂಡು. ಪ್ರಾಣಿಗಳು, ಟಿಕೆಟ್, ಫೋಟೋ ಎಲ್ಲ ಆಮೇಲೆ. ಆ ಪ್ರಕಾರ ಮೈಸೂರು ಜೂಗೆ ಹೋಗಿ ಬರುವುದು ಹೇಗೆ ಅನ್ನುವುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಊರು ಬೇರೆಯಾದರೂ ಅರ್ಧಕ್ಕರ್ಧ ಸಲಹೆಗಳು ಹಾಗೇ ಉಪಯೋಗಕ್ಕೆ ಬರುತ್ತವೆ.

ಹಂತ 1: ದಿನ ಆರಿಸುವುದು

ಮೊದಲು ನೆನಪಿಡಬೇಕಾದದ್ದು ಮಂಗಳವಾರ. ಅವತ್ತು ಮೈಸೂರು ಜೂಗೆ ರಜೆ. ಹಬ್ಬ, ಶಾಲೆಯ ರಜೆ ಇರುವಾಗ ಕೆಲವು ಮಂಗಳವಾರ ತೆರೆಯುವುದೂ ಉಂಟು. ಆದರೆ ಅದನ್ನು ಖಚಿತ ಮಾಡಿಕೊಳ್ಳದೆ ಹೊರಡಬೇಡಿ. ಗೇಟಿನ ಮುಂದೆ ನಿಂತು ‘ಆನೆ ಇವತ್ತು ಮಲಗಿದೆ’ ಅಂತ ಮೂರು ವರ್ಷದ ಮಗುವಿಗೆ ಹೇಳಿ ನೋಡಿ, ನಂಬುವುದಿಲ್ಲ.

ಭಾನುವಾರ ಬಿಟ್ಟು ಬೇರೆ ದಿನ ಆಗುತ್ತದಾ ನೋಡಿ. ಒಂದು ದಿನ ರಜೆ ಹಾಕಿದರೂ ಪರವಾಗಿಲ್ಲ, ಬುಧವಾರ ಅಥವಾ ಗುರುವಾರ ಸಿಕ್ಕರೆ ಆರಾಮ. ಭಾನುವಾರ ಜನ ಜಾಸ್ತಿ. ಪುಟ್ಟ ಮಕ್ಕಳಿಗೆ ಎದುರು ನಿಂತವರ ಬೆನ್ನು ಬಿಟ್ಟು ಇನ್ನೇನೂ ಕಾಣಿಸುವುದಿಲ್ಲ. ವಾರದ ದಿನವಾದರೂ ನವೆಂಬರ್‌ನಿಂದ ಜನವರಿವರೆಗೆ ಇನ್ನೊಂದು ವಿಷಯ ಗಮನಿಸಿ. ಅದು ಶಾಲಾ ಪ್ರವಾಸದ ಸೀಸನ್. ರಾಜ್ಯದ ಎಲ್ಲ ಕಡೆಯಿಂದ ಬಸ್ಸುಗಳು ಬರುತ್ತವೆ. ಹವೆ ಚೆನ್ನಾಗಿರುವುದೂ ಆಗಲೇ, ಏನು ಮಾಡುವುದು! ಬೆಳಗ್ಗೆ ಗೇಟು ತೆಗೆಯುವ ಹೊತ್ತಿಗೆ ಅಲ್ಲಿದ್ದರೆ ಆ ಗುಂಪು ಬರುವ ಮೊದಲೇ ಅರ್ಧ ನೋಡಿ ಮುಗಿಸಬಹುದು. ದಸರಾ ಹತ್ತು ದಿನ ಮಾತ್ರ ಪುಟ್ಟ ಮಕ್ಕಳನ್ನು ಕರೆದುಕೊಂಡು ಜೂಗೆ ಹೋಗುವ ಯೋಚನೆಯನ್ನೇ ಬಿಟ್ಟುಬಿಡಿ ಅನ್ನುತ್ತೇನೆ. ಏಪ್ರಿಲ್, ಮೇ ಬಿಸಿಲೂ ಬೇಡ. ಜೂನ್, ಜುಲೈನಲ್ಲಿ ಒಂದು ಕೊಡೆ ಇದ್ದರೆ ನಡೆಯುತ್ತದೆ. ಮೈಸೂರಿನ ತುಂತುರು ಮಳೆಗೆ ಮಕ್ಕಳು ಹೆದರುವುದಿಲ್ಲ, ಹೆದರುವವರು ನಾವು.

ಟಿಕೆಟ್ ಜೂ ವೆಬ್‌ಸೈಟ್‌ನಲ್ಲೇ ಸಿಗುತ್ತದೆ. ಹಿಂದಿನ ರಾತ್ರಿಯೇ ತೆಗೆದುಕೊಂಡು ಫೋನಿನಲ್ಲಿ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ದರ ಆಗಾಗ ಬದಲಾಗುತ್ತದೆ, ಆದ್ದರಿಂದ ಅಲ್ಲೇ ನೋಡುವುದು ಒಳ್ಳೆಯದು. ಪಕ್ಕದ ಕಾರಂಜಿ ಕೆರೆಯನ್ನೂ ಸೇರಿಸಿ ಟಿಕೆಟ್ ತೆಗೆಯಬೇಕಾ ಅಂತ ಕೇಳಿದರೆ, ಹಂತ 7 ಓದಿ ತೀರ್ಮಾನಿಸಿ.

ಹಂತ 2: ರೈಲೋ, ಬಸ್ಸೋ, ಕಾರೋ?

ನನ್ನ ಓಟು ರೈಲಿಗೆ. ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಹೆಚ್ಚುಕಡಿಮೆ 138 ಕಿಲೋಮೀಟರ್. ಯಾವ ರೈಲು ಅನ್ನುವುದರ ಮೇಲೆ ಎರಡರಿಂದ ಮೂರು ಗಂಟೆ ಹಿಡಿಯುತ್ತದೆ. ಮಗು ಎದ್ದು ನಿಲ್ಲಬಹುದು, ಓಡಾಡಬಹುದು, ಸೂಸು ಬಂದರೆ ಗಾಡಿ ನಿಲ್ಲಿಸಬೇಕಾಗಿಲ್ಲ. ಈ ಮೂರು ಕಾರಣವೇ ಸಾಕು. ಬೆಂಗಳೂರಿನ ಪಶ್ಚಿಮ ಭಾಗದವರು ಮೆಜೆಸ್ಟಿಕ್‌ವರೆಗೆ ಹೋಗದೆ ಕೆಂಗೇರಿಯಲ್ಲಿ ಹತ್ತಬಹುದು. ನಿಮ್ಮ ರೈಲು ಅಲ್ಲಿ ನಿಲ್ಲುತ್ತದಾ ಅಂತ ಮೊದಲೇ ನೋಡಿಕೊಳ್ಳಿ.

ಟಿಕೆಟ್ ವಿಷಯದಲ್ಲಿ ಎಲ್ಲರೂ ಗೊಂದಲ ಮಾಡಿಕೊಳ್ಳುವುದು ಮಕ್ಕಳ ಚಾರ್ಜ್ ಬಗ್ಗೆ. ಐದು ವರ್ಷದ ಒಳಗಿನ ಮಗುವಿಗೆ ಬೇರೆ ಸೀಟು ಬೇಡ ಅಂದರೆ ಟಿಕೆಟ್ಟೇ ಬೇಡ. ಸೀಟು ಬೇಕೆಂದರೆ ಪೂರ್ತಿ ಚಾರ್ಜ್. 5ರಿಂದ 12 ವರ್ಷದವರಿಗೆ ಚೇರ್ ಕಾರ್ ಮತ್ತು ಸೆಕೆಂಡ್ ಸಿಟ್ಟಿಂಗ್‌ನಲ್ಲಿ ಸೀಟಿಲ್ಲದ ಅರ್ಧ ಟಿಕೆಟ್ ಅನ್ನುವುದು ಇಲ್ಲ. ನಾಲ್ಕು ವರ್ಷದ ಮಗುವನ್ನು ಮೂರು ಗಂಟೆ ತೊಡೆಯ ಮೇಲೆ ಕೂರಿಸಿಕೊಂಡರೆ ನಿಮ್ಮ ಕಾಲು ಜೋಮು ಹಿಡಿಯುತ್ತದೆ. ಸೆಕೆಂಡ್ ಸಿಟ್ಟಿಂಗ್‌ನಲ್ಲಿ ಹೋಗುವುದಾದರೆ ಅದಕ್ಕೂ ಒಂದು ಸೀಟು ತೆಗೆದುಬಿಡಿ. ಆ ದುಡ್ಡಿಗೆ ಸಿಗುವ ನೆಮ್ಮದಿ ಜಾಸ್ತಿ. ಬರುವಾಗಿನ ಟಿಕೆಟ್‌ಗೂ ಇದೇ ಮಾತು. ಸಂಜೆ ಸುಸ್ತಾದ ಮಕ್ಕಳನ್ನು ಎತ್ತಿಕೊಂಡು ಜನರಲ್ ಬೋಗಿಗೆ ನುಗ್ಗುವ ಸಾಹಸ ಬೇಡ.

ಬಸ್ಸಿನಲ್ಲಿ ಹೋಗುವವರಿಗೆ ಒಂದು ಅನುಕೂಲ ಇದೆ. ಮೈಸೂರಿನ ಸಬರ್ಬನ್ ಬಸ್ ಸ್ಟ್ಯಾಂಡ್ ಜೂಗೆ ರೈಲ್ವೆ ಸ್ಟೇಷನ್ನಿಗಿಂತ ಹತ್ತಿರ. ಕರ್ನಾಟಕದ ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸು ಫ್ರೀ ಕೂಡ. ಐರಾವತದಂಥ ಐಷಾರಾಮಿ ಬಸ್ಸಿಗೆ ಅದು ಇಲ್ಲ. ಬಸ್ಸಿನಲ್ಲಿ ವಾಂತಿ ಮಾಡುವ ಮಗುವಾದರೆ ಮುಂದಿನ ಸೀಟು ಹಿಡಿಯಿರಿ. ಹೊರಡುವ ಮುಂಚೆ ಹಾಲು ಬೇಡ, ಎರಡು ಇಡ್ಲಿ ಸಾಕು.

ಕಾರಿನವರು ಎರಡು ವಿಷಯ ಗಮನಿಸಿ. 14 ವರ್ಷದ ಒಳಗಿನ ಮಕ್ಕಳಿಗೆ ಸೀಟ್ ಬೆಲ್ಟ್ ಅಥವಾ ಚೈಲ್ಡ್ ಸೀಟು ಹಾಕದಿದ್ದರೆ ದಂಡ ಇದೆ. ದಂಡಕ್ಕಿಂತ ಮುಖ್ಯ, ವೇಗದ ರಸ್ತೆಯಲ್ಲಿ ಅಮ್ಮನ ತೊಡೆ ಮಗುವಿಗೆ ರಕ್ಷಣೆ ಅಲ್ಲ. ಜೋರಾಗಿ ಬ್ರೇಕ್ ಹಾಕಿದಾಗ ಯಾರ ಕೈಗೂ ಅಷ್ಟು ಬಲ ಇರುವುದಿಲ್ಲ. ಎರಡನೆಯದು, 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಹೊಸ ಹೈವೇ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯದ ಊರೊಳಗೆ ಹೋಗದೆ ಪಕ್ಕದಿಂದ ಅಥವಾ ಮೇಲಿಂದ ಸಾಗುತ್ತದೆ. ಮುಂಚಿನ ಹಾಗೆ ‘ಹಸಿವಾದಾಗ ಮುಂದೆ ಸಿಗೋ ಹೋಟೆಲ್‌ನಲ್ಲಿ ನಿಲ್ಲಿಸೋಣ’ ಅನ್ನುವಂತಿಲ್ಲ. ತಿಂಡಿಗೆ ಎಲ್ಲಿ ಕೆಳಗಿಳಿಯುತ್ತೀರಿ ಅಂತ ಮನೆಯಲ್ಲೇ ಗುರುತು ಹಾಕಿಕೊಳ್ಳಿ.

ಹಂತ 3: ಹಿಂದಿನ ರಾತ್ರಿಯ ಚೀಲ

ಎರಡು ಚೀಲ ಮಾಡಿ, ಒಂದಲ್ಲ. ಒಂದು ಬೆನ್ನಿಗೆ ಹಾಕುವುದು, ಇನ್ನೊಂದು ಕೈಗೆ ತಕ್ಷಣ ಸಿಗುವ ಸಣ್ಣ ಬಟ್ಟೆ ಚೀಲ. ಎಲ್ಲವನ್ನೂ ಒಂದೇ ದೊಡ್ಡ ಬ್ಯಾಗಿಗೆ ತುರುಕಿದರೆ ಒರೆಸುವ ಬಟ್ಟೆ ಬೇಕಾದಾಗ ಅದು ತಳದಲ್ಲೇ ಇರುತ್ತದೆ.

ಸಣ್ಣ ಚೀಲದಲ್ಲಿ ಸ್ಟೀಲ್ ನೀರಿನ ಬಾಟಲಿ, ಒದ್ದೆ ಬಟ್ಟೆ ಅಥವಾ ವೈಪ್ಸ್, ಒಂದು ಸಣ್ಣ ಟವೆಲ್, ಒಂದು ಚಡ್ಡಿ, ಒಂದು ಡಬ್ಬಿ ತಿಂಡಿ. ಬೆನ್ನಿನ ಚೀಲದಲ್ಲಿ ಒಂದೊಂದು ಮಗುವಿಗೆ ಎರಡು ಜೊತೆ ಬಟ್ಟೆ, ಡೈಪರ್, ಒದ್ದೆ ಬಟ್ಟೆ ಹಾಕಲು ಖಾಲಿ ಬಟ್ಟೆ ಚೀಲ, ಟೋಪಿ, ಹತ್ತಿ ಸೀರೆಯ ಒಂದು ತುಂಡು, ಓಆರ್‌ಎಸ್ ಪೊಟ್ಟಣ, ನಿಮ್ಮ ಮಕ್ಕಳ ಡಾಕ್ಟರ್ ಹೇಳಿದ ಜ್ವರದ ಔಷಧಿ. ಆ ಸೀರೆ ತುಂಡು ಎಷ್ಟು ಕೆಲಸಕ್ಕೆ ಬರುತ್ತದೆ ಅಂದರೆ ನಗು ಬರುತ್ತದೆ: ಹಾಸಲು, ಹೊದಿಸಲು, ಹಾಲು ಕುಡಿಸುವಾಗ ಮರೆ ಮಾಡಲು, ಕಿಟಕಿಯ ಬಿಸಿಲಿಗೆ ಪರದೆ ಕಟ್ಟಲು. ಅಜ್ಜಿಯ ಹಳೆಯ ಸೀರೆಯಾದರೆ ಇನ್ನೂ ಮೆತ್ತಗಿರುತ್ತದೆ.

ಜೂ ಒಳಗೆ ಪ್ಲಾಸ್ಟಿಕ್ ನಿಷೇಧ. ಗೇಟಿನಲ್ಲಿ ಬ್ಯಾಗ್ ತೆಗೆದು ನೋಡುತ್ತಾರೆ. ಚಿಪ್ಸ್ ಪ್ಯಾಕೆಟ್, ಪ್ಲಾಸ್ಟಿಕ್ ಕವರ್ ಇದ್ದರೆ ಅಲ್ಲೇ ತೆಗೆಯಬೇಕು. ಅದಕ್ಕೇ ಸ್ಟೀಲ್ ಬಾಟಲಿ, ಸ್ಟೀಲ್ ಡಬ್ಬಿ, ಬಟ್ಟೆ ಚೀಲ ಎಂದದ್ದು. ಹಾಲು ಕುಡಿಯುವ ಕೂಸಿನ ಬಾಟಲಿ, ರಾಗಿ ಸರಿ ಇದ್ದರೆ ಅದು ಕೂಸಿನದು ಅಂತ ಮೊದಲೇ ಹೇಳಿಬಿಡಿ.

ಇನ್ನು ತಿಂಡಿ. ದಾರಿಗೆ ಯಾವುದು ಚೆಲ್ಲುವುದಿಲ್ಲ, ಯಾವುದು ಕೆಡುವುದಿಲ್ಲ ಅನ್ನುವುದೇ ಪ್ರಶ್ನೆ. ಬೆಳಗ್ಗೆಗೆ ಇಡ್ಲಿಗೆ ತುಪ್ಪ, ಚಟ್ನಿಪುಡಿ ಸವರಿ ಡಬ್ಬಿಗೆ ಹಾಕಿದರೆ ಪಕ್ಕಕ್ಕೆ ಏನೂ ಬೇಡ. ಚಪಾತಿಗೆ ಬೆಲ್ಲ, ತುಪ್ಪ ಹಚ್ಚಿ ಸುರುಳಿ ಸುತ್ತಿದರೆ ಮಗು ತಾನೇ ಹಿಡಿದು ತಿನ್ನುತ್ತದೆ. ಚಿತ್ರಾನ್ನ ದೊಡ್ಡವರಿಗೆ ಸರಿ, ರೈಲಿನ ಸೀಟಿನ ತುಂಬ ಅರಿಶಿನದ ಅಗುಳು ಬೇಡ ಅಂದರೆ ಮಕ್ಕಳಿಗೆ ಬೇಡ. ಏಲಕ್ಕಿ ಬಾಳೆಹಣ್ಣು ಅತ್ಯುತ್ತಮ, ಸಿಪ್ಪೆಯೇ ಪ್ಯಾಕಿಂಗ್. ಮೊಸರನ್ನ ಬೆಳಗ್ಗೆ ಕಲಸಿದ್ದು ಮಧ್ಯಾಹ್ನಕ್ಕೆ ಹುಳಿ ಬರುತ್ತದೆ. ಬೇಕೇ ಬೇಕೆಂದರೆ ಹಾಲು ಜಾಸ್ತಿ, ಮೊಸರು ಒಂದು ಚಮಚ ಹಾಕಿ ಕಲಸಿ, ಊಟದ ಹೊತ್ತಿಗೆ ಹದವಾಗಿರುತ್ತದೆ.

ಒಂದು ಎಚ್ಚರಿಕೆ. ನಾಲ್ಕೈದು ವರ್ಷದ ಒಳಗಿನವರಿಗೆ ಇಡೀ ಕಡಲೆಕಾಯಿ ಬೀಜ, ಇಡೀ ದ್ರಾಕ್ಷಿ, ಪಾಪ್‌ಕಾರ್ನ್ ಕೊಡಬೇಡಿ. ಓಡುತ್ತಾ, ನಗುತ್ತಾ ತಿನ್ನುವಾಗ ಗಂಟಲಿಗೆ ಸಿಕ್ಕಿಕೊಳ್ಳುವುದು ಇಂಥವೇ. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡಿ. ಕಡಲೆಕಾಯಿ ಬೇಕೆಂದು ಹಠ ಹಿಡಿದರೆ ಪುಡಿ ಮಾಡಿದ ಕಡಲೆಕಾಯಿ ಉಂಡೆ ಇದೆ.

ಹಂತ 4: ಹೊರಡುವ ಬೆಳಗ್ಗೆ

ಜೂ ಬೆಳಗ್ಗೆ 8:30ಕ್ಕೆ ತೆರೆದು ಸಂಜೆ 5:30ಕ್ಕೆ ಮುಚ್ಚುತ್ತದೆ. ಬೆಂಗಳೂರಿನಿಂದ ಹೋಗುವವರು ಒಂಬತ್ತೂವರೆ, ಹತ್ತರ ಒಳಗೆ ಗೇಟಿನಲ್ಲಿದ್ದರೆ ಚೆನ್ನ. ಅಂದರೆ ಆರೂವರೆಯ ಆಸುಪಾಸಿನ ರೈಲು. ಮಕ್ಕಳನ್ನು ಐದು ಗಂಟೆಗೆ ಎಬ್ಬಿಸಿ ಸ್ನಾನ ಮಾಡಿಸುವುದು, ಹೊಸ ಬಟ್ಟೆ ಹಾಕುವುದು, ತಲೆ ಬಾಚುವುದು ಇವೆಲ್ಲ ಬೇಡ. ಹಿಂದಿನ ರಾತ್ರಿಯೇ ಸ್ನಾನ ಮಾಡಿಸಿ, ಹೋಗುವ ಬಟ್ಟೆಯಲ್ಲೇ ಮಲಗಿಸಿ. ಬೆಳಗ್ಗೆ ನಿದ್ದೆಗಣ್ಣಿನಲ್ಲೇ ಎತ್ತಿಕೊಂಡು ಹೊರಟರಾಯಿತು. ಹಲ್ಲುಜ್ಜಿದ್ದಷ್ಟೇ ಶಾಸ್ತ್ರ. ಅತ್ತೆಯವರು ಏನಾದರೂ ಅಂದರೆ ರೈಲಿನಲ್ಲಿ ಮುಖ ತೊಳೆಸುತ್ತೇನೆ ಅನ್ನಿ.

ಯಾಕೆ ಇಷ್ಟು ನಿದ್ದೆಯ ಜಪ ಅಂತೀರಾ? ಒಂದೆರಡು ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆ, ಮೂರರಿಂದ ಐದು ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ಮಧ್ಯಾಹ್ನದ ನಿದ್ದೆಯೂ ಇದರಲ್ಲೇ ಸೇರಿದೆ. ಬೆಳಗ್ಗೆ ಎರಡು ಗಂಟೆ ಕಳೆದರೆ ಆ ಸಾಲವನ್ನು ಮಗು ಮಧ್ಯಾಹ್ನ ಹುಲಿ ಮನೆ ಮುಂದೆ ನೆಲದ ಮೇಲೆ ಹೊರಳಾಡಿ ವಸೂಲಿ ಮಾಡುತ್ತದೆ.

ಮನೆ ಬಿಡುವ ಮೊದಲು ಎರಡು ನಿಮಿಷದ ಕೆಲಸ. ಮಕ್ಕಳನ್ನು ನಿಲ್ಲಿಸಿ ಅವತ್ತಿನ ಬಟ್ಟೆಯಲ್ಲಿ ತಲೆಯಿಂದ ಕಾಲಿನವರೆಗೆ ಒಂದು ಫೋಟೋ ತೆಗೆಯಿರಿ. ಮುಂಗೈ ಒಳಭಾಗದಲ್ಲಿ ಬಾಲ್ ಪೆನ್ನಿನಿಂದ ನಿಮ್ಮ ಫೋನ್ ನಂಬರ್ ಬರೆಯಿರಿ. ಹೆಸರು ಬೇಡ, ನಂಬರ್ ಸಾಕು. ಹೆಸರು ಗೊತ್ತಾದರೆ ಅಪರಿಚಿತರೂ ಸುಲಭವಾಗಿ ಕರೆದು ಮಾತಾಡಿಸಬಹುದು. ಜನಜಂಗುಳಿಯಲ್ಲಿ ಕೈ ತಪ್ಪಿದರೆ ‘ಯಾವ ಬಣ್ಣದ ಅಂಗಿ?’ ಅಂತ ಯಾರಾದರೂ ಕೇಳುತ್ತಾರೆ. ಗಾಬರಿಯಲ್ಲಿ ನೆನಪಾಗುವುದಿಲ್ಲ, ಫೋಟೋ ತೋರಿಸಿದರೆ ಮುಗಿಯಿತು.

ಹಂತ 5: ರೈಲಿನ ಮೂರು ಗಂಟೆ

ಮೊದಲ ಅರ್ಧ ಗಂಟೆ ಏನೂ ಮಾಡಬೇಡಿ. ಕಿಟಕಿಯೇ ಸಾಕು. ಅದಾದ ಮೇಲೆ ತಿಂಡಿ. ಬಿಡದಿ ದಾಟಿ ರಾಮನಗರ ಬರುತ್ತಿದ್ದ ಹಾಗೆ ಬಂಡೆ ಬೆಟ್ಟಗಳು ಶುರು. ‘ಯಾವುದು ಆನೆ ಥರ ಇದೆ ಹೇಳು’ ಅಂದರೆ ಇಪ್ಪತ್ತು ನಿಮಿಷ ಕಳೆಯುತ್ತದೆ. ಚನ್ನಪಟ್ಟಣದ ಹೆಸರು ಬಂದಾಗ ಅಲ್ಲೇ ಮರದ ಬೊಂಬೆ ಮಾಡುತ್ತಾರೆ ಅನ್ನಿ. ಮನೆಯಲ್ಲಿರುವ ಬುಗುರಿಯೋ ಗಿಲಕಿಯೋ ಅಲ್ಲಿಂದ ಬಂದದ್ದೇ ಇರಬಹುದು, ಅದನ್ನೇ ಜೊತೆಗೆ ತಂದಿದ್ದರೆ ಇನ್ನೂ ಒಳ್ಳೆಯದು.

ಮದ್ದೂರು ಬಂತು ಅಂದರೆ ವಡೆ. ಕೂಗಿಕೊಂಡು ಬರುತ್ತಾರೆ, ಬೇಡ ಅನ್ನುವುದು ಕಷ್ಟ. ಮದ್ದೂರು ವಡೆಯಲ್ಲಿ ಈರುಳ್ಳಿಯ ಜೊತೆ ಹಸಿಮೆಣಸೂ ಇರುತ್ತದೆ. ಮಕ್ಕಳಿಗೆ ಅಂಚಿನ ಗರಿಗರಿ ಭಾಗ ಮುರಿದು ಕೊಡಿ, ಖಾರ ನಡುವೆ ಉಳಿಯುತ್ತದೆ. ನಮ್ಮ ಚಿಕ್ಕವನು ಮಾತ್ರ ಒಂದೊಂದೇ ಈರುಳ್ಳಿ ಎಳೆ ಬಿಡಿಸಿ ಕಿಟಕಿಯ ಕಂಬಿಗೆ ನೇತು ಹಾಕುತ್ತಾನೆ. ಗಾಳಿಗೆ ಅದು ಹಾರಿಹೋದರೆ ಮತ್ತೊಂದು. ಒಂದು ವಡೆ ಮುಗಿಯುವಷ್ಟರಲ್ಲಿ ಮಂಡ್ಯ ಬಂದಿರುತ್ತದೆ. ಅದು ಊಟ ಅಲ್ಲ, ಆಟ. ಇಂಥ ಆಟಕ್ಕೆ ಹತ್ತು ರೂಪಾಯಿಯ ಪೆನ್ಸಿಲ್ ಬಾಕ್ಸು, ಫೋನಿನ ವಿಡಿಯೋ ಯಾವುದೂ ಸಾಟಿಯಲ್ಲ. ಫೋನನ್ನು ಬರುವಾಗಿನ ಕೊನೆಯ ಒಂದು ಗಂಟೆಗೆ ಉಳಿಸಿಕೊಳ್ಳಿ. ಆಗ ಅದರ ಅಗತ್ಯ ನಿಜವಾಗಿ ಬರುತ್ತದೆ.

ಮಂಡ್ಯದ ಕಬ್ಬಿನ ಗದ್ದೆ ಮುಗಿದ ಮೇಲೆ ಶ್ರೀರಂಗಪಟ್ಟಣ. ಇಲ್ಲಿ ರೈಲು ಕಾವೇರಿಯನ್ನು ಎರಡು ಸಲ ದಾಟುತ್ತದೆ, ಯಾಕೆಂದರೆ ಊರು ಇರುವುದೇ ನದಿಯ ನಡುವಿನ ದ್ವೀಪದಲ್ಲಿ. ದೊಡ್ಡ ಮಗುವಿಗೆ ಎಣಿಸಲು ಹೇಳಿ. ಸೇತುವೆಯ ಸದ್ದು ಬದಲಾಗುವುದನ್ನು ಚಿಕ್ಕವರು ನಿಮಗಿಂತ ಮೊದಲು ಗುರುತಿಸುತ್ತಾರೆ. ಅಲ್ಲಿಂದ ಮೈಸೂರಿಗೆ ಸ್ವಲ್ಪವೇ ದೂರ. ಚಪ್ಪಲಿ ಹಾಕುವುದು, ಟಾಯ್ಲೆಟ್ಟಿಗೆ ಕರೆದುಕೊಂಡು ಹೋಗುವುದು ಎಲ್ಲ ಇಲ್ಲಿಯೇ ಮುಗಿಸಿ.

ರೈಲಿನಲ್ಲಿ ಏನಾದರೂ ತೊಂದರೆಯಾದರೆ 139ಕ್ಕೆ ಫೋನ್ ಮಾಡಿ, ಅದು ರೈಲ್ವೆ ಸಹಾಯವಾಣಿ.

ಹಂತ 6: ಜೂ ಒಳಗೆ

ಸ್ಟೇಷನ್ನಿನಿಂದ ಜೂಗೆ ಆಟೋದಲ್ಲಿ ಸುಮಾರು ಮೂರು ಕಿಲೋಮೀಟರ್. ಜೂ ಒಳಗೂ ಪೂರ್ತಿ ಸುತ್ತು ಹಾಕಿದರೆ ಹೆಚ್ಚುಕಡಿಮೆ ಅಷ್ಟೇ ನಡಿಗೆ. ಈ ಎರಡನೇ ಮೂರು ಕಿಲೋಮೀಟರೇ ಅವತ್ತಿನ ಅಸಲಿ ಪರೀಕ್ಷೆ. ಮೂರು ವರ್ಷದ ಮಗು ಅದರಲ್ಲಿ ಒಂದು ಕಿಲೋಮೀಟರ್ ನಡೆದರೆ ದೊಡ್ಡದು, ಉಳಿದದ್ದು ನಿಮ್ಮ ಹೆಗಲ ಮೇಲೆ. ಮಡಚುವ ಹಗುರ ಸ್ಟ್ರಾಲರ್ ಇದ್ದರೆ ತನ್ನಿ. ದಾರಿ ಬಹುಪಾಲು ಸಮತಟ್ಟಾಗಿದೆ.

ಅಜ್ಜಿ, ತಾತ ಜೊತೆಗಿದ್ದರೆ ಬ್ಯಾಟರಿ ಗಾಡಿ ಸಿಗುತ್ತದಾ ಎಂದು ಒಳಗೆ ಹೋದ ತಕ್ಷಣ ವಿಚಾರಿಸಿ, ಅರ್ಧ ದಾರಿಯಲ್ಲಿ ಮಂಡಿ ನೋವು ಬಂದ ಮೇಲೆ ಅಲ್ಲ. ನಮ್ಮ ಹಿರಿಯರು ‘ನನಗೇನೂ ಆಗಿಲ್ಲ, ನಡೀತೀನಿ’ ಅಂತಲೇ ಹೇಳುವುದು. ‘ಅಮ್ಮ, ಚಿಕ್ಕವನಿಗೆ ಕಾಲು ನೋಯ್ತಿದೆಯಂತೆ, ಅವನ ಜೊತೆ ನೀವು ಕೂತ್ಕೊಳ್ಳಿ’ ಅನ್ನಿ. ಕೆಲಸ ಆಗುತ್ತದೆ.

ಈ ಜೂ ಶುರುವಾದದ್ದು 1892ರಲ್ಲಿ, ಹತ್ತನೇ ಚಾಮರಾಜೇಂದ್ರ ಒಡೆಯರ್ ಕಾಲದಲ್ಲಿ. ಮೊದಲು ಅರಮನೆಯ ಜೂ, ಆಮೇಲೆ ಅವರ ಹೆಸರೇ ಬಂತು. ಹಳೆಯ ಮರಗಳ ನೆರಳು ಧಾರಾಳವಾಗಿದೆ. ಅದಕ್ಕೇ ಬಿಸಿಲಿನ ದಿನವೂ ತಡೆದುಕೊಳ್ಳಬಹುದು. ಬಹಳ ಕಡೆ ಪ್ರಾಣಿಗಳಿಗೂ ನಮಗೂ ನಡುವೆ ಕಂಬಿಯ ಬದಲು ಕಂದಕ ಇದೆ. ನೋಡಲು ಚೆನ್ನ. ಆದರೆ ಮೂರಡಿ ಎತ್ತರದ ಮಗುವಿಗೆ ಮುಂದಿನ ಗೋಡೆ, ಗಿಡದ ಬೇಲಿ ಮಾತ್ರ ಕಾಣುತ್ತದೆ. ಒಂದು ಸಲ ಮಂಡಿಯೂರಿ ಮಗುವಿನ ಎತ್ತರದಿಂದ ನೋಡಿ, ಆಮೇಲೆ ‘ಅಷ್ಟು ದೊಡ್ಡ ಸಿಂಹ ಕಾಣಿಸ್ತಿಲ್ವಾ?’ ಅಂತ ಬೈಯುವುದಿಲ್ಲ. ಪ್ರತಿ ಮನೆಯ ಮುಂದೆ ಎತ್ತಿ ತೋರಿಸುವ ಪಾಳಿ ಇಬ್ಬರು ದೊಡ್ಡವರ ನಡುವೆ ಮೊದಲೇ ಹಂಚಿಕೊಳ್ಳಿ. ಗೋಡೆಯ ಮೇಲೆ ಮಾತ್ರ ಕೂರಿಸಬೇಡಿ, ಫೋಟೋಗೂ ಬೇಡ.

ಎಲ್ಲ ಪ್ರಾಣಿಗಳ ಮುಂದೆಯೂ ನಿಲ್ಲಬೇಕೆಂಬ ನಿಯಮ ಇಲ್ಲ. ರೈಲಿನಲ್ಲೇ ಒಂದೊಂದು ಮಗುವಿಗೆ ‘ನಿನಗೆ ಯಾವ ಎರಡು ಪ್ರಾಣಿ ಬೇಕು?’ ಎಂದು ಕೇಳಿಟ್ಟುಕೊಳ್ಳಿ. ಅವನ್ನು ನಿಧಾನವಾಗಿ ನೋಡಿ, ಉಳಿದವುಗಳಿಗೆ ದಾರಿಯಲ್ಲೇ ನಮಸ್ಕಾರ. ಜಿರಾಫೆ ದಾರಿಯ ಮೊದಲ ಭಾಗದಲ್ಲೇ ಸಿಗುತ್ತದೆ. ಅಲ್ಲಿ ಸಮಯ ಕೊಡಿ, ಯಾಕೆಂದರೆ ಮಗುವನ್ನು ಎತ್ತದೆಯೂ ಕಾಣುವ ಪ್ರಾಣಿ ಅದೊಂದೇ! ಹುಲಿ, ಸಿಂಹ ಬಿಸಿಲೇರಿದ ಮೇಲೆ ಮಲಗಿಬಿಡುತ್ತವೆ, ಆದ್ದರಿಂದ ಅವು ಬೇಕೆಂದವರು ಬೇಗ ಹೆಜ್ಜೆ ಹಾಕಿ. ಗೊರಿಲ್ಲಾ ಮುಂದೆ ದೊಡ್ಡವರೂ ನಿಂತುಬಿಡುತ್ತಾರೆ. 2021ರಲ್ಲಿ ಜರ್ಮನಿಯಿಂದ ಥಾಬೊ, ಡೆಂಬಾ ಎಂಬ ಎರಡು ಗೊರಿಲ್ಲಾಗಳು ಬಂದಾಗ ಪತ್ರಿಕೆಗಳಲ್ಲಿ ಸುದ್ದಿಯಾಗಿತ್ತು.

ಇನ್ನೊಂದಕ್ಕೆ ಸಿದ್ಧರಾಗಿರಿ. ಮಗು ಪ್ರಾಣಿ ನೋಡದೇ ಇರಬಹುದು. ನೀರಾನೆಯ ಕೊಳದ ಹತ್ತಿರ ನಮ್ಮ ಚಿಕ್ಕವನು ನೀರಾನೆಗೆ ಬೆನ್ನು ಹಾಕಿ, ಪಕ್ಕದಲ್ಲಿ ಪೈಪು ಹಿಡಿದು ದಾರಿ ತೊಳೆಯುತ್ತಿದ್ದವರನ್ನೇ ನೋಡುತ್ತಾ ನಿಂತ. ನೀರು ಎಲೆಗಳನ್ನು ತಳ್ಳಿಕೊಂಡು ಹೋಗಿ ಚರಂಡಿಯ ಜಾಲರಿಗೆ ಸಿಕ್ಕಿ ನಿಲ್ಲುವುದು, ಅವರು ಪೊರಕೆಯಿಂದ ಎಳೆಯುವುದು, ಮತ್ತೆ ನೀರು. ಹಿಂದಿನಿಂದ ಟನ್‌ಗಟ್ಟಲೆ ತೂಕದ ಪ್ರಾಣಿ ಬಾಯಿ ತೆರೆಯಿತು. ಸುತ್ತ ಇದ್ದವರೆಲ್ಲ ಕೂಗಿದರು, ಇವನು ತಿರುಗಲಿಲ್ಲ. ‘ದುಡ್ಡು ಕೊಟ್ಟು ಬಂದಿದ್ದೀವಿ, ಈ ಕಡೆ ನೋಡೋ’ ಅಂತ ಎಳೆದರೆ ಅಳು ಶುರುವಾಗುತ್ತದೆ. ಸುಮ್ನೆ ಬಿಟ್ಟುಬಿಡಿ. ಟಿಕೆಟ್ ದುಡ್ಡು ಅದರಲ್ಲೂ ವಸೂಲಾಗುತ್ತದೆ.

ಹಠ ಬಂದಾಗ ಏನು ಮಾಡುವುದು? ಮೊದಲು ನಾಲ್ಕು ವಿಷಯ ನೋಡಿ: ಹಸಿವಾ, ನಿದ್ದೆಯಾ, ಸೂಸುವಾ, ಚಪ್ಪಲಿ ಕಚ್ಚುತ್ತಿದೆಯಾ. ಹತ್ತರಲ್ಲಿ ಒಂಬತ್ತು ಹಠ ಇದರಲ್ಲೇ ಬಗೆಹರಿಯುತ್ತದೆ. ಉಳಿದ ಒಂದು ಆಟಿಕೆ ಅಂಗಡಿಯದು. ಅದಕ್ಕೆ ಮದ್ದು ಅಂಗಡಿಯ ಮುಂದೆ ಇಲ್ಲ, ಮನೆಯಲ್ಲೇ ಇದೆ: ‘ಇವತ್ತು ಒಂದು ಸಾಮಾನು, ಬರುವಾಗ, ಇಷ್ಟು ರೂಪಾಯಿಯದು’ ಅಂತ ಮೊದಲೇ ಮಾತಾಡಿ, ಆ ದುಡ್ಡನ್ನು ದೊಡ್ಡ ಮಗುವಿನ ಜೇಬಿಗೆ ಹಾಕಿ. ತನ್ನ ದುಡ್ಡು ಅಂದಾಗ ಐದು ವರ್ಷದ ಮಗುವೂ ಚೌಕಾಸಿ ಮಾಡುತ್ತದೆ.

ಟಾಯ್ಲೆಟ್ ಬೋರ್ಡ್ ಕಂಡಾಗಲೆಲ್ಲ ಕರೆದುಕೊಂಡು ಹೋಗಿ. ‘ಬಂದಿದೆಯಾ?’ ಅಂತ ಕೇಳಬೇಡಿ, ಉತ್ತರ ಯಾವಾಗಲೂ ಇಲ್ಲ ಅಂತಲೇ.

ಕೈ ತಪ್ಪಿ ಹೋದರೆ ಏನು ಮಾಡಬೇಕು ಅನ್ನುವುದನ್ನು ಗೇಟಿನ ಒಳಗೆ ಹೋದ ಕೂಡಲೇ ಮಕ್ಕಳಿಗೆ ಹೇಳಿ: ‘ಹುಡುಕಿಕೊಂಡು ಓಡಬೇಡ. ನಿಂತ ಕಡೆಯೇ ನಿಂತು ಅಮ್ಮ ಅಂತ ಜೋರಾಗಿ ಕೂಗು. ಯೂನಿಫಾರ್ಮ್ ಹಾಕಿದವರಿಗೆ, ಇಲ್ಲ ಮಕ್ಕಳ ಜೊತೆಗಿರೋ ಆಂಟಿಗೆ ಕೈ ತೋರಿಸು.’ ಯೂನಿಫಾರ್ಮ್ ಅಂದರೆ ಏನು ಅಂತ ಅಲ್ಲೇ ಒಬ್ಬರನ್ನು ತೋರಿಸಿ. ದೊಡ್ಡವರಲ್ಲಿ ಒಬ್ಬರು ಕೊನೆಯ ಬಾರಿ ಮಗು ಕಂಡ ಜಾಗದಲ್ಲೇ ನಿಲ್ಲಬೇಕು, ಇನ್ನೊಬ್ಬರು ಸಿಬ್ಬಂದಿಗೆ ಹೇಳಬೇಕು. ಪೊಲೀಸ್ ಸಹಾಯಕ್ಕೆ 112, ಮಕ್ಕಳ ಸಹಾಯವಾಣಿ 1098.

ಹಂತ 7: ಊಟ, ನಿದ್ದೆ, ಆಮೇಲೆ?

ಹನ್ನೆರಡೂವರೆಗೆ ಜೂ ಬಿಟ್ಟು ಹೊರಗೆ ಬನ್ನಿ. ನೋಡಿದ್ದು ಎಷ್ಟೇ ಇರಲಿ. ಹೋಟೆಲ್‌ನಲ್ಲಿ ಒಂದೂವರೆಗೆ ಊಟದ ಸರದಿ ಉದ್ದವಾಗುತ್ತದೆ, ಹಸಿದ ಮಗು ಸರದಿಯಲ್ಲಿ ನಿಲ್ಲುವುದಿಲ್ಲ. ಮಕ್ಕಳಿಗೆ ಅನ್ನ, ತಿಳಿಸಾರು, ತುಪ್ಪ ಕೇಳಿ. ಊಟದ ಹೋಟೆಲ್‌ನಲ್ಲಿ ಖಾರ ಹಾಕದ ಬೇಳೆಕಟ್ಟು ಇದ್ದರೆ ಕೇಳಿದರೆ ಕೊಡುತ್ತಾರೆ. ಮಸಾಲೆ ದೋಸೆ ಬೇಕೆಂದು ಮಗು ಹೇಳಿದರೂ ಒಳಗಿನ ಕೆಂಪು ಚಟ್ನಿ ಹಚ್ಚಬೇಡಿ ಅಂತ ಹೇಳಲು ಮರೆಯಬೇಡಿ.

ಊಟದ ನಂತರದ ಒಂದು ಗಂಟೆಯೇ ಇಡೀ ದಿನದ ಕೀಲಿ. ಮಗು ಮಲಗಬೇಕು. ಎಲ್ಲಿ? ಕಾರಿದ್ದರೆ ಕಾರಿನಲ್ಲಿ, ನೆರಳಲ್ಲಿ, ಯಾರಾದರೂ ಒಬ್ಬರು ಜೊತೆಗಿದ್ದು, ಕಿಟಕಿ ತೆರೆದಿಟ್ಟು. ಮುಚ್ಚಿದ ಕಾರಿನಲ್ಲಿ ಮಗುವನ್ನು ಒಂಟಿಯಾಗಿ ಐದು ನಿಮಿಷವೂ ಬಿಡಬೇಡಿ, ಒಳಗೆ ಬಿಸಿ ಬೇಗ ಏರುತ್ತದೆ. ರೈಲಿನಲ್ಲಿ ಬಂದವರಿಗೆ ಸ್ಟ್ರಾಲರ್ ಇದೆ, ಹೆಗಲಿದೆ, ಸೀರೆ ತುಂಡಿದೆ. ಮೈಸೂರಿನಲ್ಲಿ ನೆಂಟರಿದ್ದರೆ ಈ ಹೊತ್ತಿಗೆ ಅವರ ಮನೆಗೆ ಹೋಗಿ. ಆದರೆ ‘ಊಟಕ್ಕೆ ಬರುತ್ತೇವೆ’ ಅಂತ ಹೇಳದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ, ಹೇಳಿದರೆ ಎಂಟು ಥರ ಅಡುಗೆ ಮಾಡಿ ನಾಲ್ಕು ಗಂಟೆವರೆಗೆ ಬಿಡುವುದಿಲ್ಲ. ನೀವೇ ತೂಗಿ ನೋಡಿ.

ನಿದ್ದೆ ಆಗಿ, ಮುಖ ಗೆಲುವಾಗಿದ್ದರೆ ಮಾತ್ರ ಜೂ ಪಕ್ಕದ ಕಾರಂಜಿ ಕೆರೆ. ಅದಕ್ಕೂ ಮಂಗಳವಾರ ರಜೆ. ಒಳಗೆ ಹೋಗಿ ಓಡಾಡಬಹುದಾದ ದೊಡ್ಡ ಪಕ್ಷಿಮನೆ ಇದೆ, ನವಿಲುಗಳು ಅಲ್ಲೇ ಅಡ್ಡಾಡುತ್ತವೆ. ದೋಣಿಯೂ ಇದೆ. ದೋಣಿಗೆ ಮಗುವಿನ ಅಳತೆಯ ಲೈಫ್ ಜಾಕೆಟ್ ಇದ್ದರೆ ಹತ್ತಿ, ದೊಡ್ಡವರದ್ದನ್ನು ಸುತ್ತಿ ಕಟ್ಟುತ್ತೇವೆ ಅಂದರೆ ಬೇಡ ಅನ್ನಿ. ಪುಟ್ಟ ಮಕ್ಕಳಿಗೆ ಸುಮ್ಮನೆ ಓಡಲು ಜಾಗ ಸಿಗುವುದು ಇಲ್ಲಿನ ಲಾಭ. ಬೆಳಗ್ಗೆಯಿಂದ ‘ಓಡಬೇಡ’ ಅನ್ನಿಸಿಕೊಂಡ ಮಕ್ಕಳಲ್ವಾ?

ರೈಲು ಹುಚ್ಚಿನ ಮಗುವಾದರೆ ಕೆರೆ ಬಿಟ್ಟು ರೈಲ್ವೆ ಮ್ಯೂಸಿಯಂ ಆರಿಸಿ. 1979ರಲ್ಲಿ ಶುರುವಾದದ್ದು, ಸ್ಟೇಷನ್ನಿನ ಹತ್ತಿರವೇ, ಸಿಎಫ್‌ಟಿಆರ್‌ಐ ಎದುರಿಗೆ. ಹಳೆಯ ಇಂಜಿನ್‌ಗಳನ್ನು ಹತ್ತಿರದಿಂದ ನೋಡಬಹುದು. ವಾಪಸು ರೈಲಿಗೂ ಅದೇ ದಿಕ್ಕು. ತೆರೆದಿರುವ ದಿನ ಮತ್ತು ಹೊತ್ತು ಹೊರಡುವ ಮೊದಲು ನೋಡಿಕೊಳ್ಳಿ.

ಅರಮನೆ? ಚಪ್ಪಲಿ ಹೊರಗೆ ಬಿಡಬೇಕು, ಒಳಗೆ ಜನರ ಸಾಲಿನಲ್ಲೇ ಸಾಗಬೇಕು, ಮುಟ್ಟುವಂತಿಲ್ಲ, ಓಡುವಂತಿಲ್ಲ. ಎಂಟು ವರ್ಷ ಆದ ಮೇಲೆ ಬನ್ನಿ. ಭಾನುವಾರ, ಸರ್ಕಾರಿ ರಜೆಯ ದಿನ ಸಂಜೆ ಏಳಕ್ಕೆ ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹತ್ತಿಕೊಳ್ಳುವುದು ಮಾತ್ರ ಯಾವ ವಯಸ್ಸಿಗೂ ಚೆನ್ನ. ಅದನ್ನು ನೋಡಬೇಕೆಂದರೆ ರಾತ್ರಿ ಮೈಸೂರಿನಲ್ಲೇ ಉಳಿಯಿರಿ. ನೋಡಿಕೊಂಡು ಅವತ್ತೇ ವಾಪಸಾದರೆ ಮನೆ ಸೇರುವುದು ಹನ್ನೊಂದಾಗುತ್ತದೆ, ಬೆಳಗ್ಗೆ ಶಾಲೆ.

ಹಂತ 8: ವಾಪಸು

ಸಂಜೆ ಐದರ ಒಳಗೆ ಹೊರಡುವ ರೈಲು ಹಿಡಿಯಿರಿ. ಸ್ಟೇಷನ್ನಿಗೆ ಅರ್ಧ ಗಂಟೆ ಮುಂಚೆ ಹೋಗಿ ಮಕ್ಕಳ ಕೈಕಾಲು ತೊಳೆಸಿ, ಒಣಗಿದ ಬಟ್ಟೆ ಹಾಕಿ. ರಾತ್ರಿಯ ಊಟ ರೈಲಿನಲ್ಲೇ ಆಗಿಬಿಡಲಿ: ಉಳಿದ ಚಪಾತಿ, ಬಾಳೆಹಣ್ಣು, ಸ್ಟೇಷನ್ನಿನಲ್ಲಿ ಕಟ್ಟಿಸಿಕೊಂಡ ಎರಡು ಇಡ್ಲಿ. ಮನೆಗೆ ಹೋಗಿ ಅಡುಗೆ ಮಾಡುತ್ತೇನೆ ಅನ್ನುವ ಮಾತೇ ಬೇಡ. ಕೆಂಗೇರಿ ಬರುವಷ್ಟರಲ್ಲಿ ಇಬ್ಬರೂ ಮಲಗಿರುತ್ತಾರೆ. ಇಳಿಯುವ ಹತ್ತು ನಿಮಿಷ ಮುಂಚೆ ಯಾರು ಯಾರನ್ನು ಎತ್ತಿಕೊಳ್ಳುವುದು, ಚೀಲ ಯಾರ ಹೆಗಲಿಗೆ ಅಂತ ಹಂಚಿಕೊಳ್ಳಿ. ಇಬ್ಬರ ಕೈಯಲ್ಲೂ ಮಕ್ಕಳಿದ್ದರೆ ಆಟೋದವರಿಗೆ ಫೋನ್ ಮಾಡುವುದು ಕಷ್ಟ, ಆದ್ದರಿಂದ ಆಟೋ ಅಥವಾ ಕ್ಯಾಬನ್ನೂ ಕೂತಿರುವಾಗಲೇ ಬುಕ್ ಮಾಡಿ.

ಮನೆಗೆ ಬಂದ ಮೇಲೆ ಮಕ್ಕಳನ್ನು ಎಬ್ಬಿಸದೆ ಹಾಗೇ ಮಲಗಿಸಿ. ಎಷ್ಟೇ ಸುಸ್ತಾಗಿದ್ದರೂ ಎರಡು ಕೆಲಸ ಮಾತ್ರ ಆ ರಾತ್ರಿಯೇ ಮಾಡಬೇಕು. ಊಟದ ಡಬ್ಬಿ ತೆರೆದು ನೀರು ಹಾಕಿಡುವುದು, ಒದ್ದೆ ಬಟ್ಟೆಯ ಚೀಲವನ್ನು ಬಕೆಟ್ಟಿಗೆ ಸುರಿಯುವುದು. ಮರುದಿನ ಮಗುವಿಗೆ ಭೇದಿ, ವಾಂತಿ ಶುರುವಾದರೆ ಓಆರ್‌ಎಸ್ ಪೊಟ್ಟಣದ ಮೇಲೆ ಬರೆದಷ್ಟೇ ಕುದಿಸಿ ಆರಿಸಿದ ನೀರಿನಲ್ಲಿ ಕಲಸಿ, ಚಮಚ ಚಮಚವಾಗಿ ಕುಡಿಸಿ. ಅರ್ಧ ಪೊಟ್ಟಣ, ಅಂದಾಜಿನ ನೀರು ಅನ್ನುವುದು ಬೇಡ. ಸೂಸು ಕಡಿಮೆಯಾದರೆ, ಮಗು ಮಂಕಾಗಿದ್ದರೆ ಡಾಕ್ಟರ್ ಹತ್ತಿರ ಹೋಗುವುದನ್ನು ತಡ ಮಾಡಬೇಡಿ.